ವೆಟ್ಟರ್ನ್‌ರುಂಡನ್‌ಗೆ ಕಾರ್ಬನ್ ಸೈಕಲ್ಲೇ ಬೇಕೆ, ಇರುವ ಹೈಬ್ರಿಡ್ ಸಾಲದೆ?

ಸಹೋದ್ಯೋಗಿಗಳ ಜೊತೆ ವೆಟ್ಟರ್ನ್‌ರುಂಡನ್‌ಗೆ ಹೋಗಲು ಇರುವ ಹೈಬ್ರಿಡ್ ಸಾಕೇ, ಕಾರ್ಬನ್ ಸೈಕಲ್ ಕೊಳ್ಳಬೇಕೇ ಎಂಬ ನಿಮ್ಮ ಪ್ರಶ್ನೆಯನ್ನು, ಸೈಕಲ್ಲಿನ ಬೆಲೆಯೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ನಾನೂ ಒಮ್ಮೆ ಕೇಳಿದ್ದೆ. ಸ್ವೀಡನ್ನಿಗೆ ಬಂದು ಎರಡು ವರ್ಷವಾಗಿತ್ತು. ಸಹೋದ್ಯೋಗಿಗಳು ಜೂನ್ ತಿಂಗಳಲ್ಲಿ ವೆಟ್ಟರ್ನ್ ಸರೋವರದ ಸುತ್ತ 315 ಕಿ.ಮೀ. ತುಳಿಯುವ ಈ ವೆಟ್ಟರ್ನ್‌ರುಂಡನ್ ಸೈಕಲ್ ಸವಾರಿಗೆ ಕರೆಯುತ್ತಿದ್ದರು, ಕೈಯಲ್ಲಿದ್ದದ್ದು ಕಚೇರಿಗೆ ಹೋಗಿಬರುವ ಹೈಬ್ರಿಡ್ ಸೈಕಲ್, ಅವರ ವೇಗಕ್ಕೆ ಸಮನಾಗಿ ಹೋಗಬೇಕೆಂದರೆ ಕಾರ್ಬನ್ ನಾರಿನ ಚೌಕಟ್ಟಿನ ಹಗುರವಾದ ಸೈಕಲ್ಲೇ ಬೇಕೆಂಬ ಲೆಕ್ಕಾಚಾರ ತಲೆಯೊಳಗಿತ್ತು. ನನಗೆ ಆಗ ಸಿಕ್ಕ ಉತ್ತರಗಳೆಲ್ಲ ಸೈಕಲ್ಲಿನ ಬಗ್ಗೆಯೇ ಇದ್ದವು. ಅವನ್ನು ನಂಬಿ 28,000 ಕ್ರೋನರ್ ಕೊಟ್ಟು ಕಾರ್ಬನ್ ಸೈಕಲ್ ಕೊಂಡೆ, ಊರಿನಿಂದ ತಂದಿದ್ದ ಒಂದು ಹತ್ತಿಯ ಬನಿಯನ್ನಿನ ದೆಸೆಯಿಂದ ಅರ್ಧ ದಾರಿಯಲ್ಲಿ ಸೋತವರ ಬಸ್ಸು ಹತ್ತಿ ಹಿಂದಿರುಗಿದೆ.

ಈ ಸವಾರಿಯ ಬಗ್ಗೆ ಮೊದಲ ಸಲ ಕೇಳಿದಾಗ ನಾನು ಮೋಸಹೋದದ್ದು ದೂರದ ಲೆಕ್ಕದಲ್ಲಿ. ಸಹೋದ್ಯೋಗಿಯೊಬ್ಬರು ‘ಮೂವತ್ತೊಂದೂವರೆ ಮಿಲ್’ ಎಂದರು; ನಾನು ಮೈಲಿ ಎಂದುಕೊಂಡು ಧೈರ್ಯವಾಗಿ ತಲೆಯಾಡಿಸಿದೆ. ಸ್ವೀಡನ್ನರ ಒಂದು ಮಿಲ್ ಎಂದರೆ ಹತ್ತು ಕಿಲೋಮೀಟರ್ ಎಂಬುದು ಹೆಸರು ಕೊಟ್ಟ ಮೇಲೆ ತಿಳಿಯಿತು. 1966ರಲ್ಲಿ ಆರಂಭವಾದ ಈ ಸುತ್ತು ಬಹುಕಾಲ 300 ಕಿ.ಮೀ. ಇತ್ತು, ಈಗ 315. ಮೂಟಾಲ ಎಂಬ ಊರಿನಿಂದ ಹೊರಟು, ಸರೋವರವನ್ನು ಬಲಗಡೆಗೆ ಇಟ್ಟುಕೊಂಡು ಪ್ರದಕ್ಷಿಣೆ ಹಾಕಿ, ಅದೇ ಊರಿಗೆ ಮರಳಬೇಕು. ಇಲ್ಲಿಯವರು ಒಂದು ವರ್ಷದೊಳಗೆ ಇದರ ಜೊತೆಗೆ ಚಳಿಗಾಲದ 90 ಕಿ.ಮೀ. ಸ್ಕೀ, 3 ಕಿ.ಮೀ. ನದಿಯ ಈಜು, 30 ಕಿ.ಮೀ. ಓಟವನ್ನೂ ಮುಗಿಸಿ ‘ಸ್ವೀಡಿಷ್ ಕ್ಲಾಸಿಕ್’ ಎಂಬ ಗೌರವ ಪಡೆಯುತ್ತಾರೆ. ನಿಮ್ಮ ಸಹೋದ್ಯೋಗಿಗಳು ಅದರ ಮಾತೆತ್ತಿದರೆ ಸದ್ಯಕ್ಕೆ ನಗುತ್ತಾ ಸುಮ್ಮನಿದ್ದುಬಿಡಿ. ನಿಮಗೆ ಮುಖ್ಯವಾದ ಸಂಗತಿ ಬೇರೆ ಇದೆ. ಸಾವಿರಾರು ಜನರನ್ನು ಒಟ್ಟಿಗೆ ಬಿಡಲಾಗದ ಕಾರಣ ಕೆಲವು ನಿಮಿಷಗಳಿಗೊಂದರಂತೆ ಗುಂಪುಗಳನ್ನು ಬಿಡುತ್ತಾರೆ, ಹಾಗಾಗಿ ಬಹುಪಾಲು ಸವಾರರು ಒಂದಿಡೀ ರಾತ್ರಿಯನ್ನು ಸೈಕಲ್ ಮೇಲೆಯೇ ಕಳೆಯುತ್ತಾರೆ. ಆ ಕಾಲದಲ್ಲಿ ಸೂರ್ಯ ಹತ್ತು ಗಂಟೆಯ ನಂತರ ಮುಳುಗಿ ನಾಲ್ಕರ ಹೊತ್ತಿಗೆ ಮೂಡುತ್ತಾನೆ. ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲ. ಬೆಳಕಿದೆಯೆಂದು ಬಿಸಿಯೂ ಇರುತ್ತದೆಂದು ಭಾವಿಸುವುದು ನಮ್ಮಂಥವರ ಸಹಜವಾದ ತಪ್ಪು.

ಆ ವಸಂತದಲ್ಲಿ ನಾನು ಗೋಥೆನ್‌ಬರ್ಗಿನ ಸುತ್ತಮುತ್ತ ಸುಮಾರು 1,400 ಕಿ.ಮೀ. ಅಭ್ಯಾಸ ಮಾಡಿದ್ದೆ. ಅದರಲ್ಲಿ ಒಂದೇ ಒಂದು ಕಿಲೋಮೀಟರನ್ನೂ ರಾತ್ರಿಯಲ್ಲಿ ತುಳಿದಿರಲಿಲ್ಲ. ಶನಿವಾರ ಬೆಳಗಿನ ಉಪಾಹಾರ ಮುಗಿಸಿ, ಬಿಸಿಲೇರಿದ ಮೇಲೆ, ಹದಿನೆಂಟು ಇಪ್ಪತ್ತು ಡಿಗ್ರಿಯಲ್ಲಿ ಸುಖವಾಗಿ ತುಳಿದು ಬರುತ್ತಿದ್ದೆ. ಟೈರಿನ ಗಾಳಿಯ ಒತ್ತಡದ ಬಗ್ಗೆ ಓದಿದ್ದೆ, ಸೀಟಿನ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿದ್ದೆ, ಪೆಡಲಿಗೆ ಕಚ್ಚಿಕೊಳ್ಳುವ ಬೂಟುಗಳನ್ನು ಹಾಕಿಕೊಂಡು ಎರಡು ಬಾರಿ ಸಿಗ್ನಲ್ಲಿನಲ್ಲಿ ಬಿದ್ದೂ ಇದ್ದೆ. ಮೈಮೇಲೆ ಏನು ತೊಡಬೇಕೆಂಬ ಬಗ್ಗೆ ಮಾತ್ರ ಹತ್ತು ನಿಮಿಷವೂ ಯೋಚಿಸಿರಲಿಲ್ಲ.

ನನ್ನ ಗುಂಪು ಹೊರಡಬೇಕಿದ್ದದ್ದು ಶುಕ್ರವಾರ ರಾತ್ರಿ ಹತ್ತೂವರೆಗೆ. ಸಂಜೆ ಮೂಟಾಲದಿಂದ ಅಮ್ಮನಿಗೆ ಫೋನ್ ಮಾಡಿ, ರಾತ್ರಿ ಏಳು ಡಿಗ್ರಿಗೆ ಇಳಿಯುತ್ತದಂತೆ ಎಂದು ಹೇಳಿದೆ. ಸಕಲೇಶಪುರದ ಮನೆಯಿಂದ ಬಂದ ಉತ್ತರ, ‘ಹಂಗಾದ್ರೆ ಒಳಗೊಂದು ಬನಿಯನ್ ಹಾಕ್ಕೊಳೋ’ ಎಂಬುದು. ಚೀಲದಲ್ಲಿ ದಪ್ಪ ಹತ್ತಿಯ, ಅರ್ಧ ತೋಳಿನ ಬನಿಯನ್ ಇತ್ತು. ಅದನ್ನು ತೊಟ್ಟು, ಮೇಲೆ ಸೈಕಲ್ ಜೆರ್ಸಿ ಹಾಕಿ, ಅದರ ಮೇಲೊಂದು ತೆಳುವಾದ ಗಾಳಿತಡೆಯ ಜಾಕೆಟ್ ಏರಿಸಿಕೊಂಡಾಗ ಬೆಚ್ಚಗಿತ್ತು. ನಿಂತಲ್ಲಿ ಬೆಚ್ಚಗಿತ್ತು ಎಂಬುದನ್ನು ಗಮನಿಸಿ.

ವಾಡ್‌ಸ್ಟೇನಾದ ಕೋಟೆ ದಾಟುವಷ್ಟರಲ್ಲಿ ನಾನು ನನ್ನ ಗುಂಪನ್ನು ಬಿಟ್ಟು, ಹಿಂದಿನಿಂದ ಬಂದ ವೇಗದ ಗುಂಪೊಂದರ ಬಾಲಕ್ಕೆ ಸೇರಿಕೊಂಡಿದ್ದೆ. ಹೊಸ ಸೈಕಲ್ಲು, ಮುಂದಿನವರ ಬೆನ್ನ ಮರೆಯಲ್ಲಿ ಗಾಳಿಯ ತಡೆಯೂ ಇಲ್ಲ, ಮೂವತ್ತೆರಡು ಮೂವತ್ಮೂರರ ವೇಗ. ಆ ಸುಖವನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. (ಇಲ್ಲಿ ರಸ್ತೆಯ ಬಲಕ್ಕೆ ಇರಬೇಕು, ಎಡದಿಂದ ಹಿಂದಿಕ್ಕಬೇಕು. ಬೆಂಗಳೂರಿನ ಅಭ್ಯಾಸ ದಣಿದ ಹೊತ್ತಿನಲ್ಲಿ ತಾನಾಗಿ ಮೇಲೆದ್ದು ಬರುತ್ತದೆ. ನಾನೊಮ್ಮೆ ಎಡಕ್ಕೆ ಸರಿದು ಒಬ್ಬ ಹಿರಿಯರಿಂದ ಬೈಗುಳ ತಿಂದೆ.) ಆದರೆ ಪ್ರತಿಯೊಂದು ದಿಬ್ಬದಲ್ಲಿಯೂ ಅವರಿಗೆ ಸಮನಾಗಿ ತುಳಿಯಲು ನನ್ನ ಶಕ್ತಿಗೆ ಮೀರಿ ದುಡಿಯಬೇಕಾಗಿತ್ತು, ಮತ್ತು ಬೆವರು ಬೆನ್ನಿನ ಮೇಲೆ ಹರಿಯುವುದು ಚೆನ್ನಾಗಿ ತಿಳಿಯುತ್ತಿತ್ತು. ಕೆಂಪು ಬಿಳಿ ಪಟ್ಟಿಯ ಪೆಪ್ಪರ್‌ಮಿಂಟ್ ಕಡ್ಡಿಗಳಿಗೆ ಹೆಸರಾದ ಗ್ರೆನ್ನ ಊರು ದಾಟಿದ ಮೇಲೆ ಏರುದಾರಿ ಬರುತ್ತದೆ. ಅದನ್ನು ಹತ್ತಿ ಮುಗಿಸಿದಾಗ ಬನಿಯನ್ ಮೈಗೆ ಅಂಟಿಕೊಂಡಿತ್ತು. ನನಗೆ ಅದು ಪರಿಶ್ರಮದ ಗುರುತಾಗಿ ಕಂಡಿತೇ ಹೊರತು ಅಪಾಯವಾಗಿ ಕಾಣಲಿಲ್ಲ.

ನಂತರ ಹುಸ್ಕ್‌ವಾರ್ನಾ ಕಡೆಗೆ ಇಳಿಜಾರು. ತುಳಿಯುವ ಕೆಲಸವಿಲ್ಲ, ಗಾಳಿ ಮಾತ್ರ ಇದೆ. ಇಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮುಂದೊಂದು ದಿನ ಅದೇ ಬನಿಯನ್ನನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: ಒಣಗಿದ್ದಾಗ 120 ಗ್ರಾಂ, ನೆನೆಸಿ ಹಿಂಡಿದ ಮೇಲೆ 310 ಗ್ರಾಂ. ಅಂದರೆ ಒಂದು ದೊಡ್ಡ ಲೋಟದಷ್ಟು ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಆವಿಯಾಗಬೇಕಾದರೆ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖ ಬೇಕು. 190 ಗ್ರಾಮಿಗೆ, ನಾವು ಊಟದ ಲೆಕ್ಕದಲ್ಲಿ ಹೇಳುವ ಕಿಲೋಕ್ಯಾಲೊರಿಯಲ್ಲಿ, ನೂರಹತ್ತು. ಅಷ್ಟನ್ನೂ ಅದು ಪಡೆಯುವುದು ಬಹುಮಟ್ಟಿಗೆ ನಮ್ಮ ಮೈಯಿಂದಲೇ, ಮತ್ತು ಪ್ರತಿ ದಿಬ್ಬದಲ್ಲಿ ಬನಿಯನ್ ಮತ್ತೆ ತುಂಬಿಕೊಳ್ಳುತ್ತದೆ. ಒದ್ದೆಯಾದ ಹತ್ತಿಯಲ್ಲಿ ಗಾಳಿಯಿರಬೇಕಾದ ಸಂದುಗಳಲ್ಲೆಲ್ಲ ನೀರು ಇರುವುದರಿಂದ ಅದು ಮೈಯನ್ನು ಬೆಚ್ಚಗಿಡುವ ಕೆಲಸವನ್ನೂ ನಿಲ್ಲಿಸಿಬಿಟ್ಟಿರುತ್ತದೆ. ಇದರ ಮೇಲೆ ಹೊರಗಿನ ಏಳು ಡಿಗ್ರಿ, ಗಂಟೆಗೆ 50 ಕಿ.ಮೀ. ವೇಗದ ಇಳಿಜಾರಿನಲ್ಲಿ, ಬರಿಮೈಗೆ ಒಂದೆರಡು ಡಿಗ್ರಿಯಂತೆ ತಾಕುತ್ತದೆ. ಬನಿಯನ್ ಇಲ್ಲದೆ ಬರಿಯ ಜೆರ್ಸಿಯಲ್ಲಿ ಹೋಗಿದ್ದರೂ ನಾನು ಇಷ್ಟು ಚಳಿಗೆ ಸಿಲುಕುತ್ತಿರಲಿಲ್ಲ; ಬೆಚ್ಚಗಿರಲೆಂದು ತೊಟ್ಟದ್ದೇ ನನ್ನನ್ನು ತಣ್ಣಗೆ ಮಾಡಿತು.

ಇಷ್ಟಾದರೂ ಚಳಿಯೊಂದರಿಂದಲೇ ನಾನು ಸೋಲುತ್ತಿರಲಿಲ್ಲ. ಯನ್‌ಶೋಪಿಂಗ್ ತಲುಪಿದಾಗ ಬೆಳಗಿನ ಜಾವ ಮೂರೂಕಾಲು, ನೂರು ಕಿ.ಮೀ. ದಾಟಿತ್ತು. ಅಲ್ಲಿ ಡಿಪೋ ಇದೆ. ಡಿಪೋ ಎಂದರೆ ನಮಗೆ ಕೆಂಪು ಬಸ್ಸುಗಳು ಕಣ್ಣಿಗೆ ಬರುತ್ತವೆ, ಇಲ್ಲಿ ಅದು ಸವಾರರಿಗೆ ಊಟ ಹಾಕುವ ತಾಣ. ಮಾಂಸದ ಉಂಡೆ, ಆಲೂಗಡ್ಡೆ ಮುದ್ದೆ ಬಡಿಸುತ್ತಿದ್ದರು. ಸಸ್ಯಾಹಾರಿಯಾದ ನಾನು ಆಲೂಗಡ್ಡೆಯನ್ನಷ್ಟೇ ಹಾಕಿಸಿಕೊಂಡು ಕುಳಿತೆ, ಆದರೆ ಚಮಚ ಹಿಡಿದ ಕೈ ನಡುಗುತ್ತಿದ್ದರಿಂದ ಅರ್ಧ ತಟ್ಟೆಯಲ್ಲೇ ಉಳಿಯಿತು. ಸ್ವಯಂಸೇವಕಿಯೊಬ್ಬರು ಕಂಬಳಿ ಹೊದಿಸಿದರು. ಒಂದು ಗಂಟೆಗೂ ಹೆಚ್ಚು ಕಾಲ ಕುಳಿತಿದ್ದೆ. ಆಗಲೂ ಬನಿಯನ್ ತೆಗೆದೆಸೆಯಬೇಕೆಂದು ಹೊಳೆಯಲಿಲ್ಲ. ಅದನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ, ಜೆರ್ಸಿಯೊಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿಕೊಂಡಿದ್ದರೂ ಉಳಿಯುತ್ತಿದ್ದೆ.

ಅಲ್ಲಿಂದ ‘ಯೂ’ ಎಂಬ ಒಂದಕ್ಷರದ ಹೆಸರಿನ ಊರಿಗೆ ಸುಮಾರು ಎಪ್ಪತ್ತು ಕಿ.ಮೀ. ಬೆನ್ನಿನ ಮೂರು ಕಿಸೆಗಳ ತುಂಬ ಮನೆಯಲ್ಲೇ ಮಾಡಿದ ಕಡಲೆಬೀಜದ ಚಿಕ್ಕಿ ಇತ್ತು, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದೆ. ಮರಗಟ್ಟಿದ ಬೆರಳುಗಳಿಗೆ ಆ ಹಾಳೆ ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಬಿಚ್ಚಿದ ಒಂದನ್ನು ಅಗಿಯಲು ದವಡೆ ಒಪ್ಪಲಿಲ್ಲ. ನಡುಕವೂ ಸ್ನಾಯುಗಳ ಕೆಲಸವೇ ಆದ್ದರಿಂದ ಅದು ಕಾಲಿಗೆ ಸೇರಬೇಕಾದ ಶಕ್ತಿಯನ್ನು ತಿನ್ನುತ್ತಿತ್ತು, ಹೊಸದಾಗಿ ಒಳಗೆ ಹೋಗುವುದು ಏನೂ ಇರಲಿಲ್ಲ. ಕಡೆಯ ಇಪ್ಪತ್ತು ಕಿ.ಮೀ. ದೂರವನ್ನು ಹನ್ನೆರಡು ಹದಿಮೂರರ ವೇಗದಲ್ಲಿ ಎಳೆದೆ. ಬೆಳಗ್ಗೆ ಎಂಟೂವರೆಗೆ ಬಿಸಿಲು ಬಿದ್ದಿತ್ತು, ಚಳಿ ಬಿಟ್ಟಿತ್ತು, ಕಾಲಿನಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ತಲೆ ತಿರುಗುತ್ತಿದ್ದ ನನ್ನನ್ನು ನೋಡಿದ ಕಾರ್ಯಕರ್ತರು ಬಸ್ಸು ತೋರಿಸಿದರು, ನಾನು ವಾದಿಸಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಕಿಸೆ ಮುಟ್ಟಿಕೊಂಡೆ: ಹದಿನಾಲ್ಕು ಚಿಕ್ಕಿಗಳಲ್ಲಿ ಹತ್ತು ಹಾಗೆಯೇ ಇದ್ದವು.

ಅಮ್ಮನ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ಮಳೆಗಾಲದಲ್ಲಿ ಶಾಲೆಯಿಂದ ನೆನೆದು ಬಂದ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಮೈಮೇಲೆ ಬಟ್ಟೆ ಒಣಗಿಸಿಕೊಳ್ಳಬಾರದು ಎಂದು ಗದರಿ ಬಟ್ಟೆ ಬದಲಿಸುತ್ತಿದ್ದವರೂ ಅವರೇ. ಆ ಮಾತು ನನಗೆ ಮೂವತ್ತು ವರ್ಷಗಳಿಂದ ಗೊತ್ತಿತ್ತು. ಹೊರಗಿನಿಂದ ಬಿದ್ದ ನೀರನ್ನು ಮಾತ್ರ ಒದ್ದೆಯೆಂದು ಎಣಿಸಿ, ಒಳಗಿನಿಂದ ಬಂದ ಬೆವರನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ನನ್ನ ದಡ್ಡತನ.

ಆದ್ದರಿಂದ ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಆ ಪ್ರಶ್ನೆಯೇ ತಪ್ಪು. ಮೊದಲು ಮೆರಿನೊ ಎಂಬ ಕುರಿಯ ನವಿರಾದ ಉಣ್ಣೆಯ ಒಳಂಗಿಯೊಂದನ್ನು ಕೊಳ್ಳಿ. ಉಣ್ಣೆಯ ಎಳೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಒಳಗೇ ಎಳೆದುಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ, ನೆನೆದಾಗಲೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಬೆರಳು ಮುಚ್ಚುವ ಕೈಗವಸು ಕೊಳ್ಳಿ. ತಿನಿಸನ್ನು ಕೈಗವಸು ಹಾಕಿಕೊಂಡೇ ತೆಗೆಯಲಾಗುವ ಹಾಗೆ ಕಟ್ಟಿಕೊಳ್ಳಿ, ಅಗಿಯಬೇಕಿಲ್ಲದಂಥದ್ದನ್ನೇ ಆರಿಸಿ. ಚಿಕ್ಕಿಗಿಂತ ಖರ್ಜೂರ ಮೇಲು.

ಸಹೋದ್ಯೋಗಿಗಳ ಜೊತೆಗೇ ಇರಬೇಕೆಂಬ ಆಸೆಯನ್ನೂ ಬಿಡಿ. ಅವರಲ್ಲಿ ಹೆಚ್ಚಿನವರು ಚಿಕ್ಕಂದಿನಿಂದ ಹಿಮದಲ್ಲಿ ಸ್ಕೀ ಮಾಡಿ ಬೆಳೆದವರು. ದಿಬ್ಬದಲ್ಲಿ ಅವರು ಮಾತನಾಡುತ್ತಾ ಹತ್ತುವಾಗ ನೀವು ಬೆವರುತ್ತಿರುತ್ತೀರಿ, ಆ ಬೆವರೇ ಮುಂದಿನ ಇಳಿಜಾರಿನಲ್ಲಿ ನಿಮಗೆ ಮುಳುವಾಗುತ್ತದೆ. ಕಾರ್ಬನ್ ಸೈಕಲ್ ನನ್ನನ್ನು ಕಾಪಾಡಲಿಲ್ಲ ಎಂದಷ್ಟೇ ಅಲ್ಲ. ನಾನು ಸೇರಬಾರದಿದ್ದ ಗುಂಪಿಗೆ ಸೇರುವಷ್ಟು ವೇಗವನ್ನು ಕೊಟ್ಟದ್ದೂ ಅದೇ. ಏರಿನಲ್ಲಿ ನಿಮ್ಮ ಉಸಿರಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ ಆ ಗುಂಪನ್ನು ಬಿಟ್ಟುಬಿಡಿ, ಎರಡು ನಿಮಿಷದಲ್ಲಿ ಇನ್ನೊಂದು ಬರುತ್ತದೆ.

ಮರುವರ್ಷದ ಹೊತ್ತಿಗೆ ಮನೆ ಬದಲಾಯಿಸುವಾಗ ಆ ಸೈಕಲ್ಲನ್ನು ಮಾರಿಬಿಟ್ಟಿದ್ದೆ. ಯಾರೋ ಹತ್ತು ವರ್ಷ ಬಳಸಿದ್ದ ಅಲ್ಯೂಮಿನಿಯಂ ಸೈಕಲ್ಲನ್ನು 4,500 ಕ್ರೋನರಿಗೆ ಕೊಂಡು, ಉಣ್ಣೆಯ ಒಳಂಗಿ ತೊಟ್ಟು, ಪ್ರತಿ ಏರಿನ ಬುಡದಲ್ಲಿ ಜಾಕೆಟ್ಟಿನ ಜಿಪ್ ಇಳಿಸಿ ತುದಿಯಲ್ಲಿ ಏರಿಸುತ್ತಾ ಹೋದೆ. ಡಿಪೋಗಳಲ್ಲೆಲ್ಲ ನಿಂತು ಬಿಸಿಯಾದ ಬ್ಲೂಬೆರಿ ಸೂಪು ಕುಡಿದೆ, ಬನ್ನು ತಿಂದೆ, ಉಪ್ಪಿನಲ್ಲಿ ನೆನೆದ ಸೌತೆಕಾಯಿಯನ್ನು ಊರಿನ ಮಿಡಿ ಉಪ್ಪಿನಕಾಯಿಯ ನೆನಪಿನಲ್ಲಿ ಎರಡೆರಡು ಸಲ ಕೇಳಿ ಹಾಕಿಸಿಕೊಂಡೆ. ಹಮ್ಮರ್‌ಸುಂಡೆಟ್ ಸೇತುವೆಯ ಮೇಲೆ, ಎರಡೂ ಕಡೆ ನೀರು ಮಿನುಗುವಾಗ, ಇನ್ನು ತುಳಿಯದೆ ನಡೆದರೂ ಮುಗಿಸಬಲ್ಲೆ ಎನಿಸಿತು. ನಿಲುಗಡೆಗಳೂ ಸೇರಿ 15 ಗಂಟೆ 20 ನಿಮಿಷ. ಕಾರ್ಬನ್ ಇದ್ದಿದ್ದರೆ ಕಾಲು ಗಂಟೆ ಉಳಿಯುತ್ತಿತ್ತೇನೋ.

ನಿಮ್ಮ ಹೈಬ್ರಿಡ್ಡಿಗೆ 32 ಮಿ.ಮೀ. ಅಗಲದ ನುಣುಪು ಟೈರು ಹಾಕಿಸಿ, ಮಡ್‌ಗಾರ್ಡ್ ಇದ್ದರೆ ಬಿಚ್ಚಬೇಡಿ, ಮುಂದೆ ಹಿಂದೆ ದೀಪ ಇರಲಿ. ಮೇ ತಿಂಗಳ ಒಂದು ಶುಕ್ರವಾರ ರಾತ್ರಿ ಒಂದು ಗಂಟೆಗೆ ಎದ್ದು, ಸವಾರಿಯ ದಿನ ಏನು ತೊಡಬೇಕೆಂದಿದ್ದೀರೋ ಅದನ್ನೇ ತೊಟ್ಟು, ಒಂದು ದೊಡ್ಡ ಏರು ಮತ್ತು ಇಳಿಜಾರು ಇರುವ ದಾರಿಯಲ್ಲಿ ಮೂರು ಗಂಟೆ ತುಳಿದು ಬನ್ನಿ. ಇಳಿಜಾರಿನ ಕೊನೆಯಲ್ಲಿ ನಿಂತು, ಕಿಸೆಯಿಂದ ತಿನಿಸು ತೆಗೆದು ಬಿಚ್ಚಲು ಬೆರಳು ಒಪ್ಪುತ್ತವೆಯೇ ನೋಡಿ. ಒಪ್ಪಿದರೆ ಹೆಸರು ಕೊಡಿ.