ಸಾಫ್ಟ್‌ಬಾಲ್ ಆಡುವ ಮಗಳಿಗೆ ಮೂರು ವಾರಗಳಿಂದ ಭುಜ ನೋವು; ಜಿಲ್ಲಾ ಪಂದ್ಯ ಆಡಿಸಬಹುದೇ?

ನಿಮ್ಮ ಮಗಳಿಗೆ 13 ವರ್ಷ, ಶಾಲಾ ತಂಡದಲ್ಲಿ ಪಿಚರ್ (ಬ್ಯಾಟ್ ಮಾಡುವವರಿಗೆ ಚೆಂಡು ಎಸೆಯುವವಳು), ಮೂರು ವಾರಗಳಿಂದ ಬಲ ಭುಜ ನೋಯುತ್ತಿದೆ, ಆಡುತ್ತಾ ಮೈ ಬಿಸಿಯಾದರೆ ನೋವು ತಗ್ಗುತ್ತದೆ, ಮುಂದಿನ ತಿಂಗಳು ಮಡಿಕೇರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯವಿದೆ ಎಂದು ಬರೆದಿದ್ದೀರಿ. ನಾನು ಕೊಡಗಿನ ಶಾಲೆಗಳಲ್ಲಿ 26 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು, ವೈದ್ಯನಲ್ಲ. ಆದರೂ ಇಷ್ಟನ್ನು ಖಚಿತವಾಗಿ ಹೇಳಬಲ್ಲೆ: ಚೆಂಡು ಎಸೆಯುವುದನ್ನು ಇಂದೇ ನಿಲ್ಲಿಸಿ, ಮೂಳೆ ತಜ್ಞರಿಗೆ ತೋರಿಸಿ, ಅವರು ಒಪ್ಪುವ ತನಕ ಪಂದ್ಯದ ಮಾತು ಬೇಡ.

ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಸುತ್ತಲಿನ ರಜ್ಜುಗಳಿಗಿಂತ ಈ ಪದರ ದುರ್ಬಲವಾದ್ದರಿಂದ, ದೊಡ್ಡವರಲ್ಲಿ ರಜ್ಜು ಹರಿಯುವಂತಹ ಎಳೆತಕ್ಕೆ ಮಕ್ಕಳಲ್ಲಿ ಪದರವೇ ಸಡಿಲಗೊಂಡು ಅಗಲವಾಗುತ್ತದೆ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಘಟನೆಯಾದ ಲಿಟಲ್ ಲೀಗಿನ ಹೆಸರಿನಿಂದಲೇ ಇದನ್ನು ಭುಜದಲ್ಲಾದರೆ ಲಿಟಲ್ ಲೀಗ್ ಶೋಲ್ಡರ್, ಮೊಣಕೈಯ ಒಳಬದಿಯಲ್ಲಾದರೆ ಲಿಟಲ್ ಲೀಗ್ ಎಲ್ಬೊ ಎಂದು ಕರೆಯುತ್ತಾರೆ. ಭುಜದ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಸರಿಯಾಗಿ ನಿಮ್ಮ ಮಗಳ ವಯಸ್ಸಿನಲ್ಲಿಯೇ. ಮೈ ಬಿಸಿಯಾದ ಮೇಲೆ ನೋವು ತಗ್ಗುವುದು ವಾಸಿಯಾಗುತ್ತಿರುವ ಲಕ್ಷಣವೆಂದು ದಯವಿಟ್ಟು ಭಾವಿಸಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ಅನೇಕ ವರ್ಷಗಳ ಹಿಂದೆ ನಮ್ಮ ಶಾಲೆಯ ಬೇಸ್‌ಬಾಲ್ ತಂಡದಲ್ಲಿ 14 ವರ್ಷದ ಹುಡುಗನೊಬ್ಬನಿದ್ದ. ನೇರವಾಗಿ, ವೇಗವಾಗಿ ಎಸೆಯಬಲ್ಲವನು ಅವನೊಬ್ಬನೇ ಆಗಿದ್ದರಿಂದ ಎರಡು ದಿನಗಳಲ್ಲಿ ಮೂರು ಪಂದ್ಯಗಳನ್ನೂ ಅವನಿಂದಲೇ ಎಸೆಯಿಸಿದೆ. ಮೊಣಕೈ ನೋಯುತ್ತಿದೆ ಎಂದಾಗ ಮುಲಾಮು ಹಚ್ಚಿ ಫೈನಲ್‌ಗೆ ಇಳಿಸಿದೆ. ಅದರ ಮರುವಾರ ಮೈಸೂರಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಮೊಣಕೈ ಒಳಬದಿಯ ಮೂಳೆಯ ತುಣುಕು ಎಳೆದುಕೊಂಡು ಬೇರೆಯಾಗಿರುವುದು ಕಂಡಿತು. ಕೈಯನ್ನು ಪೂರ್ತಿ ನೀಡಲು ಅವನಿಗೆ ತಿಂಗಳುಗಳೇ ಬೇಕಾದವು. ಆ ಎರಡು ದಿನಗಳಲ್ಲಿ ಅವನು ಎಷ್ಟು ಚೆಂಡು ಎಸೆದನೆಂಬುದನ್ನು ನಾನು ಎಣಿಸಿಯೇ ಇರಲಿಲ್ಲ.

ಎಣಿಸುವುದಕ್ಕೆ ಅಮೆರಿಕದಲ್ಲಿ ನಿಯಮವೇ ಇದೆ. ಲಿಟಲ್ ಲೀಗ್ 2007ರಲ್ಲಿ ಇನ್ನಿಂಗ್ಸ್ ಲೆಕ್ಕವನ್ನು ಬಿಟ್ಟು ಎಸೆತಗಳ ಲೆಕ್ಕಕ್ಕೆ ಬಂದಿತು. ಅಲ್ಲಿನ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಆಟದ ರಾಷ್ಟ್ರೀಯ ಸಂಸ್ಥೆಯಾದ ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಹೊರತಂದ ಪಿಚ್ ಸ್ಮಾರ್ಟ್ ಮಾರ್ಗಸೂಚಿಯಂತೆ 11–12 ವರ್ಷದವರು ದಿನಕ್ಕೆ 85, 13–14 ವರ್ಷದವರು 95 ಎಸೆತಗಳನ್ನು ಮೀರಬಾರದು. ಈ ವಯಸ್ಸಿನವರು ಒಂದೇ ದಿನ 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ಮುಂದಿನ ನಾಲ್ಕು ದಿನ ಪಿಚಿಂಗ್ ಮಾಡಬಾರದು. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆತಕ್ಕೆ ಬಿಡುವಿರಬೇಕು ಎಂದೂ ಅದು ಹೇಳುತ್ತದೆ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಮಕ್ಕಳು ಹಾಕಿ ಸ್ಟಿಕ್ ಹಿಡಿಯುವುದು ಎಸೆಯುವ ಭುಜಕ್ಕೆ ಒಳ್ಳೆಯ ಬದಲಾವಣೆ. ಆದರೆ ನೋವಿರುವಾಗ ಹಾಕಿಗೂ ವೈದ್ಯರ ಒಪ್ಪಿಗೆ ಬೇಕು.

ಮೇಲಿನ ಅಂಕಿಗಳು ಬೇಸ್‌ಬಾಲಿನವು. ಸಾಫ್ಟ್‌ಬಾಲಿನಲ್ಲಿ ಕೈಯನ್ನು ಸುತ್ತಿಸಿ ಕೆಳಗಿನಿಂದ ಎಸೆಯುವುದು ಸಹಜ ಚಲನೆ, ಅದಕ್ಕೆ ಮಿತಿ ಬೇಕಿಲ್ಲ ಎಂಬ ನಂಬಿಕೆ ನಮ್ಮ ಶಿಕ್ಷಕರಲ್ಲಿಯೂ ಬಹುಕಾಲ ಇತ್ತು. ಅದು ತಪ್ಪು. ಆ ಸುತ್ತಿನಲ್ಲಿ ಭುಜದ ಮುಂಭಾಗ ಮತ್ತು ತೋಳಿನ ಬೈಸೆಪ್ಸ್ ರಜ್ಜು ಹೊರುವ ಭಾರ ಮೇಲಿನಿಂದ ಎಸೆಯುವವರದಕ್ಕಿಂತ ಅಷ್ಟೇನೂ ಕಡಿಮೆಯಲ್ಲವೆಂದು ಅಳತೆ ಮಾಡಿದವರು ಕಂಡುಕೊಂಡಿದ್ದಾರೆ. ಪಿಚಿಂಗ್ ಮಾಡದ ಪಂದ್ಯಗಳಲ್ಲಿ ಮಗಳನ್ನು ಬ್ಯಾಟ್ ಮಾಡುವವರ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿ ನಿಲ್ಲಿಸುತ್ತಾರೆ ಎಂದೂ ಬರೆದಿದ್ದೀರಿ. ನನಗೆ ಹೆಚ್ಚು ಆತಂಕ ತಂದದ್ದು ಅದೇ ಸಾಲು. ಕ್ಯಾಚರ್ ಪ್ರತಿ ಚೆಂಡನ್ನೂ ಪಿಚರ್‌ಗೆ ಮರಳಿ ಎಸೆಯಬೇಕು, ಹೀಗಾಗಿ ಅವಳ ಭುಜಕ್ಕೆ ವಿಶ್ರಾಂತಿಯ ದಿನವೇ ಇಲ್ಲವಾಗಿದೆ.

ಮೈದಾನದ ಬಗ್ಗೆಯೂ ಒಂದು ಮಾತು. ನಮ್ಮ ಶಾಲಾ ಪಂದ್ಯಗಳು ಹೆಚ್ಚಾಗಿ ಮಳೆಗಾಲದಲ್ಲಿಯೇ ಬರುತ್ತವೆ. ಒದ್ದೆ ಚೆಂಡು ಕೈಯಿಂದ ಜಾರುತ್ತದೆಂದು ಮಕ್ಕಳು ಬಿಗಿಯಾಗಿ ಹಿಡಿದು ಇನ್ನಷ್ಟು ಬಲ ಹಾಕುತ್ತಾರೆ. ನೆಲಕ್ಕೆ ಗೂಟ ಹೊಡೆದು ಕೂರಿಸಿದ ಬೇಸ್‌ಗೆ (ಓಡುವವರು ಮುಟ್ಟಬೇಕಾದ ಗುರುತಿನ ಹಲಗೆ) ಜಾರಿಕೊಂಡು ಹೋಗಿ ಕಾಲಿಟ್ಟರೆ ಕಣಕಾಲು ಮುರಿಯುವುದೂ ಉಂಟು. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಚ್ಚುಕಡಿಮೆ ಸಮಸಂಖ್ಯೆಯ ಪಂದ್ಯಗಳಲ್ಲಿ, ಗಟ್ಟಿಯಾಗಿ ನೆಟ್ಟ ಬೇಸಿನ ಬಳಿ ಜಾರುವಾಗ 45 ಗಾಯಗಳಾದರೆ, ತಾಗಿದೊಡನೆ ಕಳಚಿಕೊಳ್ಳುವ ಬೇಸಿನ ಬಳಿ ಆದದ್ದು ಎರಡೇ. ಶಾಲೆಗೆ ಅಂತಹ ಬೇಸ್ ಕೊಳ್ಳಲಾಗದಿದ್ದರೆ ಅಭ್ಯಾಸದಲ್ಲಾದರೂ ಗೂಟವಿಲ್ಲದ, ಸರಿಯುವ ಬೇಸ್ ಇಡುವಂತೆ ಕೇಳಿ.

ಈಗ ಮಾಡಬೇಕಾದದ್ದು. ಉಳುಕು ತೆಗೆಯುವವರ ಬಳಿ ಭುಜ ಎಳೆಸಬೇಡಿ, ಎಣ್ಣೆ ಹಾಕಿ ಬಲವಾಗಿ ತಿಕ್ಕಿಸಬೇಡಿ. ನಾಟಿ ವೈದ್ಯರ ಮೇಲೆ ನನಗೆ ಗೌರವವಿದೆ, ಆದರೆ ಸಡಿಲಗೊಂಡಿರಬಹುದಾದ ಬೆಳವಣಿಗೆಯ ಪದರವನ್ನು ಎಳೆಯುವುದು ಅಪಾಯ. ನೋವಿನ ಮಾತ್ರೆ ಕೊಟ್ಟು ಆಡಿಸುವುದಂತೂ ಕೂಡದು. ಎರಡೂ ಭುಜಗಳ ಎಕ್ಸ್‌ರೇ ತೆಗೆದು ಹೋಲಿಸಬೇಕೇ ಎಂದು ವೈದ್ಯರನ್ನು ಕೇಳಿ, ಏಕೆಂದರೆ ಪದರ ಅಗಲವಾಗಿರುವುದು ಹಲವು ಬಾರಿ ಹೋಲಿಕೆಯಲ್ಲಿ ಮಾತ್ರ ತಿಳಿಯುತ್ತದೆ. ರಾತ್ರಿ ನೋವಿನಿಂದ ಎಚ್ಚರವಾಗುವುದು, ಊತ, ಬೆರಳುಗಳಲ್ಲಿ ಜೋಮು, ಕೈ ಎತ್ತಲಾಗದಿರುವುದು ಇವುಗಳಲ್ಲಿ ಯಾವುದಿದ್ದರೂ ನಾಳೆಗೆ ಮುಂದೂಡಬೇಡಿ. ತೊಂದರೆ ಪದರದ್ದೇ ಆಗಿದ್ದರೆ ಸುಮಾರು ಮೂರು ತಿಂಗಳು ಎಸೆತ ಬಿಡಬೇಕಾಗಬಹುದು. ಹಾಗೆ ಬಿಟ್ಟ ಬಹುತೇಕ ಮಕ್ಕಳು ಶಸ್ತ್ರಚಿಕಿತ್ಸೆಯಿಲ್ಲದೆ ಮತ್ತೆ ಆಟಕ್ಕೆ ಮರಳುತ್ತಾರೆ. ಮರಳುವಾಗ ಹತ್ತಿರದಿಂದ, ಕಡಿಮೆ ಬಲದಲ್ಲಿ, ಕೆಲವೇ ಎಸೆತಗಳಿಂದ ಆರಂಭಿಸಿ, ನೋವಿಲ್ಲದಿದ್ದರೆ ಮಾತ್ರ ದೂರವನ್ನು ಹೆಚ್ಚಿಸಬೇಕು.

ಹಾಕಿಯ ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳು ನೋವನ್ನು ಸುಲಭವಾಗಿ ಹೇಳಿಕೊಳ್ಳುವುದಿಲ್ಲ. ನಿಮ್ಮ ಮಗಳು ತಾನಾಗಿ ಹೇಳಿದ್ದಾಳೆ. ಅದಕ್ಕಾಗಿ ಅವಳನ್ನು ಗದರಬೇಡಿ. ವೈದ್ಯರ ಚೀಟಿಯ ಪ್ರತಿಯನ್ನು ಶಿಕ್ಷಕರಿಗೆ ನೀವೇ ಹೋಗಿ ಕೊಡಿ, ತಂಡದಿಂದ ಹಿಂದೆ ಸರಿಯುವ ಮಾತನ್ನು ಅವಳ ಬಾಯಿಂದ ಹೇಳಿಸಬೇಡಿ.