ಕಲಿಸಿದವರೇ ಪಾಸ್ ಮಾಡ್ತಾರಾ? ಮೊದಲು ಅದನ್ನು ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಸಣ್ಣ ಕೋರ್ಸುಗಳ ಮಾತೇ ಜಾಸ್ತಿ. ಐದು ದಿನದ್ದು, ಆರು ವಾರದ್ದು, ಮೂರು ತಿಂಗಳದ್ದು. ಮಾಡಬೇಕಾ, ಬಿಡಬೇಕಾ, ಆ ಕಾಗದಕ್ಕೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ದಾವಣಗೆರೆಯ ಚಾಮರಾಜಪೇಟೆಯಲ್ಲಿ ನಾನು 31 ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಆಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ಕಲಿಸಿದೆ. ಹಾಗಾಗಿ ಈ ಪತ್ರಗಳನ್ನು ಎರಡೆರಡು ಸಲ ಓದಿದೆ.

ಪ್ರಶ್ನೆ: ಕಾಲೇಜಿನಲ್ಲಿ ‘ಮೈಕ್ರೋ ಕ್ರೆಡೆನ್ಶಿಯಲ್’ ಅನ್ನುವ ಮಾತು ಪದೇ ಪದೇ ಕೇಳಿಸುತ್ತಿದೆ. ಇದು ಹೊಸದಾ? ಮುಂದೆ ಡಿಗ್ರಿಯೇ ಬೇಡವಾಗುತ್ತದಾ?
– ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಮೈಕ್ರೋ ಕ್ರೆಡೆನ್ಶಿಯಲ್ ಅಂದರೆ ಸಣ್ಣ ಕೋರ್ಸಿನ ಸರ್ಟಿಫಿಕೇಟ್. ಹೆಸರು ಹೊಸದು ಮಗಳೇ, ವಿಷಯ ಹಳೆಯದು. ನಿಮ್ಮ ತಾಯಿಯ ಕಾಲದಲ್ಲಿ ಟೈಪಿಂಗ್ ಜೂನಿಯರ್, ಸೀನಿಯರ್ ಅಂತ ಪಾಸ್ ಮಾಡುತ್ತಿದ್ದರಲ್ಲ, ಅದೂ ಇದೇ ಜಾತಿಯದು. ಒಂದೇ ಕೆಲಸ, ಕೆಲವೇ ತಿಂಗಳು, ಕೊನೆಗೊಂದು ಪರೀಕ್ಷೆ.

ಈಗ ಅದಕ್ಕೊಂದು ಲೆಕ್ಕ ಬಂದಿದೆ. 2013ರಲ್ಲಿ ಕೇಂದ್ರ ಸರ್ಕಾರ ಎನ್‌ಎಸ್‌ಕ್ಯೂಎಫ್ ಅನ್ನುವ ಕೌಶಲದ ಮೆಟ್ಟಿಲುಗಳನ್ನು ಗೊತ್ತು ಮಾಡಿತು. 2023ರಲ್ಲಿ ಕಲಿತ ಗಂಟೆಗಳನ್ನು ಎಣಿಸುವ ಕ್ರೆಡಿಟ್ ಲೆಕ್ಕ ಬಂತು. ಅದರಲ್ಲಿ ವರ್ಷಕ್ಕೆ 1,200 ಗಂಟೆ ಕಲಿಕೆ ಅಂದರೆ 40 ಕ್ರೆಡಿಟ್. 30 ಗಂಟೆಗೆ ಒಂದು ಕ್ರೆಡಿಟ್ ಆಯಿತು. ನಿಮ್ಮ ಕಾಲೇಜು ಒಪ್ಪಿದರೆ ‘ಸ್ವಯಂ’ ಅನ್ನುವ ಸರ್ಕಾರಿ ಆನ್‌ಲೈನ್ ತಾಣದ ಕೋರ್ಸುಗಳ ಕ್ರೆಡಿಟ್ಟನ್ನು ಡಿಗ್ರಿಗೇ ಸೇರಿಸಿಕೊಳ್ಳಬಹುದು. ಡಿಗ್ರಿ ಬಿಡಬೇಡಿ. ಇದನ್ನು ಅದರ ಜೊತೆಗೆ ಮಾಡಿ.

ಪ್ರಶ್ನೆ: ಮಗ ಬಿ.ಕಾಂ. ಮುಗಿಸಿದ್ದಾನೆ. ಒಂದು ಸಂಸ್ಥೆಯವರು ಆರು ವಾರದ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ 48 ಸಾವಿರ ಕೇಳುತ್ತಿದ್ದಾರೆ. ಕೆಲಸ ಗ್ಯಾರಂಟಿ, ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಅನ್ನುತ್ತಾರೆ. ಇದೇ ಶನಿವಾರದೊಳಗೆ ಕಟ್ಟಿದರೆ ಎಂಟು ಸಾವಿರ ಕಡಿಮೆಯಂತೆ. ಶೇಂಗಾ ಮಾರಿದ ದುಡ್ಡು ಕೈಯಲ್ಲಿದೆ. ಕಟ್ಟಲಾ?
– ರೈತರು, ಚಳ್ಳಕೆರೆ ತಾಲ್ಲೂಕು

ಯಜಮಾನ್ರೇ, ಶನಿವಾರ ಕಳೆದುಹೋಗಲಿ. ಎಂಟು ಸಾವಿರ ಉಳಿಸಲು ಹೋಗಿ ನಲವತ್ತು ಸಾವಿರ ಕಳೆದುಕೊಳ್ಳುವುದು ಬೇಡ.

ನನ್ನದೇ ಒಂದು ಮಾತು ಹೇಳುತ್ತೇನೆ. 1998ರಲ್ಲಿ ಟೈಪ್‌ರೈಟರ್ ಕಲಿಯಲು ಬರುವವರು ಕಡಿಮೆಯಾದರು. ನಾನು ಸಾಲ ಮಾಡಿ ದೊಡ್ಡ ಊರಿನ ಒಂದು ಸಂಸ್ಥೆಗೆ ಮೂರು ತಿಂಗಳ ಕಂಪ್ಯೂಟರ್ ಕೋರ್ಸಿಗೆ ಸೇರಿದೆ. 14 ಸಾವಿರ ಕಟ್ಟಿದೆ. ಎಂಟು ಜನಕ್ಕೆ ಒಂದು ಕಂಪ್ಯೂಟರ್ ಇತ್ತು. ಕೊನೆಯ ದಿನ ಪರೀಕ್ಷೆ ಅಂತ ಇಪ್ಪತ್ತು ಪ್ರಶ್ನೆ ಕೊಟ್ಟರು. ಉತ್ತರವನ್ನೂ ಅವರೇ ಬೋರ್ಡಿನ ಮೇಲೆ ಬರೆದರು. ಎಲ್ಲರಿಗೂ ಡಿಸ್ಟಿಂಕ್ಷನ್. ಊರಿಗೆ ಬಂದ ಮೇಲೆ ಮಂಡಿಪೇಟೆಯ ಒಂದು ಅಂಗಡಿಯವರು ಕಂಪ್ಯೂಟರಿನಲ್ಲಿ ಸ್ಟಾಕ್ ಲೆಕ್ಕ ಹಾಕಿಕೊಡಿ ಅಂತ ಕರೆದರು. ನನ್ನ ಕೈಲಿ ಆಗಲಿಲ್ಲ. ಆ ಸರ್ಟಿಫಿಕೇಟು ಈಗಲೂ ಬೀರುವಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಟೈಪಿಂಗ್ ಪರೀಕ್ಷೆ ಹಾಗಿರಲಿಲ್ಲ. ಅದು ಸರ್ಕಾರದ ಪರೀಕ್ಷೆ. ನಾವು ಮೆಷಿನ್‌ಗಳನ್ನು ತಳ್ಳುಗಾಡಿಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಸಾಗಿಸುತ್ತಿದ್ದೆವು. ಒಳಗೆ ಕೂತು ನೋಡುವವರು ಬೇರೆಯವರು, ಪೇಪರ್ ತಿದ್ದುವವರು ಮತ್ತೂ ಬೇರೆಯವರು. ನನ್ನ ಎಷ್ಟೋ ಒಳ್ಳೆಯ ಹುಡುಗಿಯರು ಮೊದಲ ಸಲ ಫೇಲಾದರು. ಅವರ ಜೊತೆ ನಾನೂ ಅತ್ತಿದ್ದೇನೆ. ಆದರೆ ಪಾಸಾದವಳ ಕೈಯಲ್ಲಿದ್ದ ಆ ಕಾಗದವನ್ನು ಯಾವ ಆಫೀಸಿನಲ್ಲೂ ಅನುಮಾನದಿಂದ ನೋಡಲಿಲ್ಲ. ಕಲಿಸಿದ ನಾನು ಅಂಕ ಕೊಟ್ಟಿರಲಿಲ್ಲ ಅಲ್ವಾ, ಅದಕ್ಕೇ.

ಆದ್ದರಿಂದ ಆ ಸಂಸ್ಥೆಯವರನ್ನು ಮೊದಲು ಕೇಳಿ: ಪರೀಕ್ಷೆ ಮಾಡುವವರು ಯಾರು? ‘ನಾವೇ’ ಅಂದರೆ ಎದ್ದು ಬನ್ನಿ. ಬೇರೆಯವರು ಅಂದರೆ ಹೆಸರು ಬರೆಸಿಕೊಳ್ಳಿ. ಕೌಶಲ ಕೋರ್ಸುಗಳ ಮೇಲೆ ಕಣ್ಣಿಡಲು 2018ರಲ್ಲಿ ಎನ್‌ಸಿವಿಇಟಿ ಅನ್ನುವ ರಾಷ್ಟ್ರೀಯ ಮಂಡಳಿಯನ್ನು ಮಾಡಿದ್ದಾರೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ, ಪರೀಕ್ಷೆ ಮಾಡುವ ಸಂಸ್ಥೆಗೆ ಮಾನ್ಯತೆ ಕೊಡುವುದು ಅದು. ಇವರ ಕೋರ್ಸು ಅದರ ಪಟ್ಟಿಯಲ್ಲಿದ್ದರೆ ಎನ್‌ಎಸ್‌ಕ್ಯೂಎಫ್ ಮೆಟ್ಟಿಲಲ್ಲಿ ಎಷ್ಟನೇ ಲೆವೆಲ್ ಅಂತ ಹೇಳಲೇಬೇಕು. ‘ಅಂತರರಾಷ್ಟ್ರೀಯ’ ಅನ್ನುವುದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಕೆಲಸ ಗ್ಯಾರಂಟಿ ಅನ್ನುವವರು ಅದನ್ನು ಬರೆದು ಕೊಡಲಿ. ಕೆಲಸ ಸಿಗದಿದ್ದರೆ ಎಷ್ಟು ಹಣ, ಯಾವಾಗ ವಾಪಸ್ ಅನ್ನುವುದೂ ಅದರಲ್ಲಿರಲಿ. ಹೋದ ಬ್ಯಾಚಿನ ಮೂವರ ಜೊತೆ ನಿಮ್ಮ ಮಗ ಮಾತಾಡಲಿ. ಒಂದು ದಿನ ತರಗತಿಯಲ್ಲಿ ಕೂರಲು ಬಿಡದಿದ್ದರೆ ಆ ಜಾಗ ಬೇಡ.

ಹುಡುಗನಿಗೆ ಏನಾದರೂ ಕಲಿಯುವ ಆಸೆ ಇದೆ, ಅದು ಸಂತೋಷ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣದಲ್ಲಿ ಐಐಟಿ ಮೇಷ್ಟರುಗಳ ಪಾಠ ಪುಕ್ಕಟೆ ಸಿಗುತ್ತದೆ. ನಾಲ್ಕು, ಎಂಟು, ಹನ್ನೆರಡು ವಾರದ ಕೋರ್ಸುಗಳಿವೆ. ಅಲ್ಲಿ ಪಾಠ ಕೇಳಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ನೂರರಲ್ಲಿ 75 ಅಂಕ ಆ ಪರೀಕ್ಷೆಗೆ, 25 ವಾರವಾರದ ಅಸೈನ್‌ಮೆಂಟಿಗೆ. ಇಂಗ್ಲಿಷ್ ಕಷ್ಟವಾದರೆ ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ ಕೇಳಲಿ.

ಇನ್ನೊಂದು ದಾರಿ ನನಗೆ ಇದಕ್ಕಿಂತ ಇಷ್ಟ. ಚಳ್ಳಕೆರೆಯಲ್ಲೋ ಚಿತ್ರದುರ್ಗದಲ್ಲೋ ಯಾರಾದರೂ ಆಡಿಟರ್ ಹತ್ತಿರ ಆರು ತಿಂಗಳು ಕೂರಲಿ. ಟ್ಯಾಲಿಯಲ್ಲಿ ನಿಜವಾದ ಅಂಗಡಿಯ ನಿಜವಾದ ಬಿಲ್ಲು ಎಂಟ್ರಿ ಮಾಡಲಿ, ಜಿಎಸ್‌ಟಿ ರಿಟರ್ನ್ ಹಾಕಲಿ. ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್ ಅನ್ನುವುದು ಐಟಿಐ ಹುಡುಗರಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಬಿ.ಕಾಂ. ಓದಿದವರೂ ಹೋಗಬಹುದು. ಸ್ಟೈಪೆಂಡ್ ಕೊಡುತ್ತಾರೆ, ಕೊನೆಗೆ ಸರ್ಟಿಫಿಕೇಟೂ ಇದೆ. ಶೇಂಗಾ ದುಡ್ಡು ಮನೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ನನಗೆ 46 ವರ್ಷ. 22 ವರ್ಷದಿಂದ ವೈರಿಂಗ್ ಕೆಲಸ. ಓದಿದ್ದು ಏಳನೇ ಕ್ಲಾಸು. ಈಗ ದೊಡ್ಡ ಕಂಟ್ರಾಕ್ಟರ್‌ಗಳು ಸರ್ಟಿಫಿಕೇಟ್ ಕೇಳುತ್ತಾರೆ. ನನ್ನ ಹತ್ತಿರ ಕೆಲಸ ಕಲಿತ ಐಟಿಐ ಹುಡುಗರಿಗೆ ನನಗಿಂತ ಜಾಸ್ತಿ ಕೂಲಿ. ಈ ವಯಸ್ಸಿನಲ್ಲಿ ಮತ್ತೆ ಸ್ಕೂಲಿಗೆ ಹೋಗಲಾ?
– ಎಲೆಕ್ಟ್ರಿಷಿಯನ್, ಹರಿಹರ

ಅಣ್ಣಾ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹರಿಹರದ ದೊಡ್ಡ ಲೇತ್ ಕಾರ್ಖಾನೆ ನಿಂತಾಗ ಅಲ್ಲಿಯ ಕಾರ್ಮಿಕರು ಬಯೋಡೇಟಾ ಟೈಪ್ ಮಾಡಿಸಲು ನನ್ನ ಹತ್ತಿರ ಬರುತ್ತಿದ್ದರು. ‘ವಿದ್ಯಾಭ್ಯಾಸ’ ಅನ್ನುವಲ್ಲಿ ಎಸ್ಸೆಸ್ಸೆಲ್ಸಿ ಫೇಲ್ ಅಂತ ಹೇಳುವಾಗ ಅವರ ದನಿ ಇಳಿಯುತ್ತಿತ್ತು. ಅದೇ ಮನುಷ್ಯ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಮುಟ್ಟಿ ಹೇಳುತ್ತಿದ್ದ. ಅದನ್ನು ಬರೆಯಲು ಬಯೋಡೇಟಾದಲ್ಲಿ ಜಾಗವೇ ಇರಲಿಲ್ಲ. ‘ಅನುಭವ: 24 ವರ್ಷ’ ಅಂತ ಒಂದು ಸಾಲು ಹೊಡೆದು ಕೊಡುತ್ತಿದ್ದೆ. ಅವರಲ್ಲಿ ಕೆಲವರು ಆಮೇಲೆ ವಾಚ್‌ಮನ್ ಕೆಲಸಕ್ಕೆ ಹೋದರು. ಆಗ ಇಲ್ಲದ ಒಂದು ದಾರಿ ಈಗ ಇದೆ. ನೀವು ಅದನ್ನು ಬಿಡಬಾರದು.

ಅದಕ್ಕೆ ಆರ್‌ಪಿಎಲ್ ಅನ್ನುತ್ತಾರೆ. ಮೊದಲೇ ಕಲಿತಿದ್ದಕ್ಕೆ ಮಾನ್ಯತೆ ಅಂತ ಅರ್ಥ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೂ ಒಂದು ಭಾಗ. ತಿಂಗಳುಗಟ್ಟಲೆ ಪಾಠ ಇರುವುದಿಲ್ಲ. ಸುರಕ್ಷತೆ, ಹೊಸ ಉಪಕರಣ ಅಂತ ಸ್ವಲ್ಪ ತಿಳಿವಳಿಕೆ ಕೊಡುತ್ತಾರೆ. ಆಮೇಲೆ ಹೊರಗಿನ ಒಬ್ಬ ಪರೀಕ್ಷಕರು ಬಂದು ನೀವು ಕೆಲಸ ಮಾಡುವುದನ್ನು ನೋಡುತ್ತಾರೆ, ಕೆಲವು ಪ್ರಶ್ನೆ ಕೇಳುತ್ತಾರೆ. ಅಲ್ಲೂ ಕಲಿಸುವವರು ಬೇರೆ, ನೋಡುವವರು ಬೇರೆ. ಪಾಸಾದರೆ ಸರ್ಟಿಫಿಕೇಟ್ ಮೊಬೈಲಿಗೇ ಬರುತ್ತದೆ. ಕಂಟ್ರಾಕ್ಟರ್ ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡಿಕೊಳ್ಳಬಹುದು. ದಾವಣಗೆರೆಯ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಹೋಗಿ ಎಲೆಕ್ಟ್ರಿಷಿಯನ್ ಕೆಲಸದ ಆರ್‌ಪಿಎಲ್ ಬ್ಯಾಚ್ ಯಾವಾಗ ಅಂತ ಕೇಳಿ. ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ನೀವು ಮಾಡಿದ ಕೆಲಸಗಳ ನಾಲ್ಕು ಫೋಟೋ ಇದ್ದರೆ ಅವನ್ನೂ ತೋರಿಸಿ.

ಒಂದನ್ನು ಮಾತ್ರ ಮರೆಯಬೇಡಿ. ಈ ಸರ್ಟಿಫಿಕೇಟ್ ಬೇರೆ, ವೈರ್‌ಮನ್ ಪರ್ಮಿಟ್ ಬೇರೆ. ಪರ್ಮಿಟ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ. ‘ನಮ್ಮ ಕೋರ್ಸ್ ಮಾಡಿದರೆ ಪರ್ಮಿಟ್ ಬಂದಂತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪರ್ಮಿಟ್‌ಗೆ ಏನೇನು ಬೇಕು ಅಂತ ಆ ಕಚೇರಿಯಲ್ಲೇ ನೇರವಾಗಿ ಕೇಳಿ. ಇಪ್ಪತ್ತೆರಡು ವರ್ಷ ಕರೆಂಟಿನ ಜೊತೆ ಬದುಕಿದವರಿಗೆ ಪರೀಕ್ಷಕರ ಮುಂದೆ ನಿಲ್ಲಲು ನಾಚಿಕೆ ಬೇಡ.

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು 34. ವಿಶ್ವಕರ್ಮ ಯೋಜನೆಯಲ್ಲಿ ಐದಾರು ದಿನದ ತರಬೇತಿ ಕೊಡುತ್ತಾರಂತೆ. ಹೊಲಿಗೆ ಬರುವ ನಾನು ಅಲ್ಲಿ ಏನು ಕಲಿಯಲಿ? ಆ ಸರ್ಟಿಫಿಕೇಟ್ ನೋಡಿ ಯಾರೂ ಬ್ಲೌಸ್ ಕೊಡುವುದಿಲ್ಲವಲ್ಲ?
– ಗೃಹಿಣಿ, ನಿಟುವಳ್ಳಿ, ದಾವಣಗೆರೆ

ನಿಜ ತಂಗಿ, ಬ್ಲೌಸ್ ಕೊಡುವವರು ನಿಮ್ಮ ಫಿಟಿಂಗ್ ನೋಡಿ ಕೊಡುತ್ತಾರೆ. ಆ ಕಾಗದ ಬೇಕಾಗುವುದು ಬ್ಯಾಂಕಿನಲ್ಲಿ.

ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರ 18 ಕಸುಬುಗಳಲ್ಲಿ ಟೈಲರಿಂಗೂ ಇದೆ. ಬೇಸಿಕ್ ತರಬೇತಿ ಐದರಿಂದ ಏಳು ದಿನ. ದಿನಕ್ಕೆ 500 ರೂಪಾಯಿ ಸ್ಟೈಪೆಂಡ್. ಉಪಕರಣ ಕೊಳ್ಳಲು 15 ಸಾವಿರದವರೆಗೆ ವೋಚರ್. ಆ ತರಬೇತಿ ಮುಗಿಸಿದವರಿಗೆ ಮೊದಲು ಒಂದು ಲಕ್ಷದವರೆಗೆ ಸಾಲ, ಅದಕ್ಕೆ ಅಡಮಾನ ಕೇಳುವುದಿಲ್ಲ, ನಿಮಗೆ ಬೀಳುವ ಬಡ್ಡಿ ಶೇ. 5. ಮನೆಗೆ ಒಬ್ಬರಿಗೆ ಮಾತ್ರ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಸಿಗುವುದಿಲ್ಲ. ಸಾಲ ಬೇಡವಾದರೆ ತೆಗೆದುಕೊಳ್ಳಬೇಡಿ, ಬಲವಂತವೇನಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ವರ್ಷ ಬರೀ ಉಪಕರಣ ಸಾಕು.

ಐದು ದಿನದಲ್ಲಿ ಹೊಸ ಹೊಲಿಗೆ ಬರುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಡಿಸೈನ್ ಬ್ಲೌಸ್, ಚೂಡಿದಾರ್ ಕಟಿಂಗ್ ಕಲಿಯಬೇಕಿದ್ದರೆ ಬ್ಯಾಂಕಿನವರ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನೋಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಅನ್ನುವ ತರಬೇತಿ ಸಂಸ್ಥೆಯ ಮಾದರಿಯನ್ನು ನೋಡಿಯೇ ಇವನ್ನು ದೇಶದ ತುಂಬ ಮಾಡಿದ್ದು. ಚಿತ್ರದುರ್ಗದಲ್ಲಿ ರುಡ್‌ಸೆಟ್ ಇದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮುಗಿದ ಮೇಲೂ ಎರಡು ವರ್ಷ ನಿಮ್ಮ ಕೆಲಸ ಹೇಗೆ ನಡೆದಿದೆ ಅಂತ ವಿಚಾರಿಸುತ್ತಾರೆ. ನನಗೆ ಅವರ ಮೇಲೆ ಗೌರವ ಬಂದಿದ್ದೇ ಈ ಕಾರಣಕ್ಕೆ. ಹಳ್ಳಿಯವರಿಗೆ ಮೊದಲ ಅವಕಾಶ, ಹಾಗಾಗಿ ನಗರದವರಿಗೆ ಸೀಟು ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ವಿಶ್ವಕರ್ಮಕ್ಕೆ ಸಿಎಸ್‌ಸಿಯಲ್ಲಿ, ಅಂದರೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಸಾಮಾನ್ಯ ಸೇವಾ ಕೇಂದ್ರದಲ್ಲಿ, ವಿಚಾರಿಸಿ. ಹೋಗುವ ಮೊದಲು ಆಧಾರ್‌ನಲ್ಲಿ, ಪಾಸ್‌ಬುಕ್‌ನಲ್ಲಿ, ರೇಷನ್ ಕಾರ್ಡ್‌ನಲ್ಲಿ ನಿಮ್ಮ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಮದುವೆಗೆ ಮುಂಚಿನ ಇನಿಷಿಯಲ್ ಒಂದರಲ್ಲಿ, ಗಂಡನ ಮನೆಯ ಹೆಸರು ಇನ್ನೊಂದರಲ್ಲಿ ಇದ್ದು ಅರ್ಜಿ ವಾಪಸ್ ಬಂದ ಹೆಣ್ಣುಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದನ್ನು ಈ ವಾರವೇ ಸರಿ ಮಾಡಿಸಿ.