ಪದಕ ಬಿಡಿ, ಗೆಜ್ಜೆ ಕೇಳಿಸಿ

ಪ್ರಿಯ ಲೇಖಕರೇ,

ಸಿಂಧನೂರಿನಿಂದ ನೀವು ಕಳಿಸಿದ ‘ಜಾನಪದಕ್ಕೆ ಜೀವ ಕೊಟ್ಟ ಸೋದರರು’ ಓದಿದೆ. ಅಣ್ಣ ರಘು ದೀಕ್ಷಿತ್ ಅವರ ‘ರಘು ದೀಕ್ಷಿತ್ ಪ್ರಾಜೆಕ್ಟ್’, ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’, ಜನಪದ ಧಾಟಿಗೆ ರಾಕ್ ಸಂಗೀತ ಬೆರೆಸುವ ಈ ಎರಡು ಫೋಕ್ ರಾಕ್ ತಂಡಗಳಲ್ಲಿ ಯಾರ್ಯಾರಿದ್ದಾರೆ, ಎಲ್ಲಿಂದ ಬಂದರು, ಏನೇನು ಮಾಡಿದರು ಅನ್ನೋದು ನಿಮ್ಮ ವಿಷಯ. ಒಳ್ಳೇ ವಿಷಯ. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ‘ಪ್ರಕಟಿಸಲು ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಬೇಜಾರಾಗಬೇಡಿ.

ನಿಮ್ಮ ಲೇಖನ ಶುರುವಾಗುವುದು ಹೀಗೆ: ‘ಬಹುಮುಖ ಪ್ರತಿಭೆಯ ರಘು ದೀಕ್ಷಿತ್ ಮೈಸೂರು ವಿಶ್ವವಿದ್ಯಾಲಯದಿಂದ ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದಿದ್ದು, ಭರತನಾಟ್ಯವನ್ನೂ ಅಭ್ಯಾಸ ಮಾಡಿದ್ದು, ಗಿಟಾರ್ ವಾದನದಲ್ಲೂ ಪರಿಣತಿ ಹೊಂದಿದ್ದಾರೆ.’ ತಪ್ಪೇನಿಲ್ಲ, ಎಲ್ಲ ನಿಜ. ಆದರೆ ಇದು ನೌಕರಿಗೆ ಅರ್ಜಿ ಹಾಕಿದ ಹಾಗಿದೆ. ಆ ಪದಕದ ಮಾತು ಅವರ ಬಗ್ಗೆ ಬರೆದ ಬಹುಪಾಲು ಬರಹಗಳಲ್ಲಿ ಇದೆ. ಅದು ಹಾಡಿನಲ್ಲಿ ಎಲ್ಲಾದರೂ ಕೇಳುತ್ತದಾ? ಇಲ್ಲ. ಭರತನಾಟ್ಯ ಕೇಳುತ್ತದೆ. ರಘು ವೇದಿಕೆ ಮೇಲೆ ಲುಂಗಿ ಉಟ್ಟು, ಬರಿಗಾಲಿಗೆ ಗೆಜ್ಜೆ ಕಟ್ಟಿಕೊಂಡು ನಿಲ್ಲುತ್ತಾರೆ. ಗಿಟಾರ್ ಕೈಯಲ್ಲಿ, ತಾಳ ಕಾಲಲ್ಲಿ. ನೃತ್ಯ ಕಲಿತ ಹುಡುಗ ರಾಕ್ ಹಾಡುಗಾರನಾದ ಮೇಲೂ ಕಾಲು ತನ್ನ ಹಳೇ ವಿದ್ಯೆ ಬಿಟ್ಟಿಲ್ಲ. ನೀವು ವಿಡಿಯೋ ನೋಡಿ ಬರೆದಿದ್ದೀರಿ ಅಂತ ಗೊತ್ತಾಗುತ್ತದೆ, ಆದರೂ ಗೆಜ್ಜೆಯ ಸುದ್ದಿಯೇ ಇಲ್ಲ!

ಇನ್ನು ಗಿಟಾರ್. ಕಾಲೇಜಿನಲ್ಲಿ ಗೆಳೆಯನೊಬ್ಬ ಇವರ ಭರತನಾಟ್ಯವನ್ನು ಆಡಿಕೊಂಡ, ಮಾತಿಗೆ ಮಾತು ಬೆಳೆದು ಗಿಟಾರ್ ಕಲಿಯುವ ಪಂಥವಾಯಿತು ಅಂತ ರಘು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ‘ಪರಿಣತಿ ಹೊಂದಿದ್ದಾರೆ’ ಅಂತ ಬರೆದು ಈ ಪಂಥದ ಕಥೆಯನ್ನೇ ನುಂಗಿಬಿಟ್ಟಿದ್ದೀರಿ. ಒಬ್ಬ ಕಲಾವಿದನ ಹಿನ್ನೆಲೆಯಲ್ಲಿ ನಮಗೆ ಬೇಕಾಗಿರೋದು ಅವನ ಹಾಡಿಗೆ ಬಂದು ಸೇರಿದ ಭಾಗ ಮಾತ್ರ. ಉಳಿದದ್ದನ್ನು ಧೈರ್ಯವಾಗಿ ಹೊಡೆದುಹಾಕಿ.

ಸದಸ್ಯರ ಭಾಗಕ್ಕೆ ಬರೋಣ. ಅಲ್ಲಿ ಹೆಸರು, ವಾದ್ಯ, ಊರು, ಮತ್ತೆ ಹೆಸರು, ವಾದ್ಯ, ಊರು. ಓದುಗರು ಎರಡನೇ ಹೆಸರಿಗೇ ಪುಟ ತಿರುಗಿಸುತ್ತಾರೆ. ಜೊತೆಗೆ ‘ಆರಂಭದಿಂದಲೂ ಒಂದೇ ಕುಟುಂಬದಂತಿರುವ ತಂಡ’ ಎಂದಿದ್ದೀರಿ. ಅದು ಸರಿಯಲ್ಲ. ರಘು ತಮ್ಮ ತಂಡವನ್ನು ಕಲಾವಿದರು ಬಂದುಹೋಗುವ ತೆರೆದ ಮನೆ ಅಂತಲೇ ಕರೆದವರು. ಪಿಟೀಲಿನ ಜಾಗವನ್ನೇ ನೋಡಿ. ಅಲ್ಲಿ ಮನೋಜ್ ಜಾರ್ಜ್ ನುಡಿಸಿದರು, ಎಚ್.ಎನ್. ಭಾಸ್ಕರ್ ನುಡಿಸಿದರು. ಭಾಸ್ಕರ್ ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಹಾಡುಗಾರರ ಪಕ್ಕ ಕೂತು ಪಕ್ಕವಾದ್ಯ ನುಡಿಸುವವರು. ಕೂತು ನುಡಿಸುವ ಮನುಷ್ಯ ಡ್ರಮ್ಸ್ ಪಕ್ಕ ಎದ್ದು ನಿಂತರೆ ಬಿಲ್ಲು ಹೇಗೆ ಓಡುತ್ತದೆ? ಹಾಡುಗಾರ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಿಟೀಲು ಏನು ಮಾಡುತ್ತದೆ? ಇದನ್ನು ಕೇಳಿ ಕೇಳಿ ಬರೆಯಿರಿ. ಎಲ್ಲ ಸದಸ್ಯರಿಗೂ ಸಮಾನ ಜಾಗ ಕೊಡಲೇಬೇಕು ಅಂತೇನಿಲ್ಲ, ಇದು ಮದುವೆ ಊಟದ ಪಂಕ್ತಿಯಲ್ಲ.

ಈಗ ನನಗೆ ನಿಜಕ್ಕೂ ಸಿಟ್ಟು ತರಿಸಿದ ಸಾಲು. ‘ನಶಿಸಿಹೋಗುತ್ತಿದ್ದ ಷರೀಫರ ಜಾನಪದ ಗೀತೆಗಳನ್ನು ಈ ತಂಡ ಉಳಿಸಿತು.’ ಸ್ವಾಮಿ, ನೀವು ಇರೋದು ರಾಯಚೂರು ಜಿಲ್ಲೆಯಲ್ಲಿ! ಶಿಶುನಾಳ ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರು ಹಾಡಿದ್ದು ತತ್ವಪದ. ಕಟ್ಟಿದವರು ಯಾರು ಅಂತ ಎಲ್ಲರಿಗೂ ಗೊತ್ತಿರುವ ಪದಗಳನ್ನು ‘ಅನಾಮಿಕ ಜನಪದರ ಸೃಷ್ಟಿ’ ಎಂದರೆ ಹೇಗೆ? ಇನ್ನು ಉಳಿಸುವ ಮಾತು. ನಮ್ಮ ಕಡೆ ಅಮಾವಾಸ್ಯೆ ಬಂದರೆ ಮಠಗಳಲ್ಲಿ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಹೊರಗೆ ಬರುತ್ತವೆ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ, ರಾತ್ರಿ ಏರಿದ ಹಾಗೆ ಲಯವೂ ಏರುತ್ತದೆ. ಕ್ಯಾಸೆಟ್ ಕಾಲದಲ್ಲಿ ಸಿ. ಅಶ್ವಥ್ ಇವೇ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದರು. ಇದೆಲ್ಲ ಆದ ಮೇಲೆ, 2008ರ ಮೊದಲ ಆಲ್ಬಂನಲ್ಲಿ ರಘು ‘ಗುಡುಗುಡಿಯ ಸೇದಿ ನೋಡೋ’ ಹಾಡಿದ್ದು. ಷರೀಫರಿಗೆ ರಘು ಆಸರೆಯಾಗಲಿಲ್ಲ, ರಘುಗೆ ಷರೀಫರು ಆಸರೆಯಾದರು. ಹಾಗೆ ತಿರುಗಿಸಿ ಬರೆದರೆ ರಘು ಸಣ್ಣವರಾಗುವುದಿಲ್ಲ. ಕನ್ನಡ ಬಾರದವರ ಮುಂದೆ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದವರೆಗೂ ಹೋಗಿ ಹಾಡಿ ಬಂದರಲ್ಲ, ಅದೇ ಸಾಕಷ್ಟು ದೊಡ್ಡದು. ಸುಮ್ನೆ ಉದ್ಧಾರಕನ ಪಟ್ಟ ಯಾಕೆ?

‘ಕೈತುಂಬ ಸಂಬಳದ ಕೆಲಸ ಬಿಟ್ಟು ಸಂಗೀತಕ್ಕೆ ಬಂದ ತ್ಯಾಗಜೀವಿಗಳು’ ಅನ್ನುವ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ರಘು ಬೆಲ್ಜಿಯಂನಲ್ಲಿ ವಿಜ್ಞಾನಿಯಾಗಿ ಕೆಲಸ ಮಾಡಿ ಬಂದವರು, ನಿಜ. ಆದರೆ ನಮ್ಮ ದರೋಜಿ ಈರಮ್ಮನನ್ನು ಪಕ್ಕಕ್ಕಿಟ್ಟು ನೋಡಿ. ಸಂಡೂರು ತಾಲ್ಲೂಕಿನ ಬುರ್ರಕಥೆಯ ಈರಮ್ಮ. ಅಕ್ಷರ ಬಾರದಿದ್ದರೂ ಕುಮಾರರಾಮನಂಥ ದೊಡ್ಡ ದೊಡ್ಡ ಕಥೆಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ತಂಬೂರಿ ಹೆಗಲಿಗೆ, ಹಿಂದೆ ದಿಮ್ಮಿ ವಾದ್ಯ. ಊರೂರು ಅಲೆದು ಹಾಡುವುದೇ ಬದುಕು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು, 2014ರಲ್ಲಿ ತೀರಿಕೊಂಡರು. ಅವರಿಗೆ ಬಿಡಲು ಬೇರೆ ಕೆಲಸವೇ ಇರಲಿಲ್ಲ. ಕೆಲಸ ಬಿಡೋದಕ್ಕೂ ಒಂದು ಅನುಕೂಲ ಬೇಕು, ಅಲ್ವಾ? ಇದನ್ನು ಲೇಖನದಲ್ಲಿ ಉಪದೇಶ ಮಾಡಬೇಡಿ. ‘ತ್ಯಾಗಜೀವಿ’ ಪದ ಒಂದನ್ನು ತೆಗೆದರೆ ಸಾಕು.

ಅದರ ಬದಲು ದುಡ್ಡಿನ ವಿಷಯ ಬರೆಯಿರಿ. ‘ಸ್ವತಂತ್ರ ತಂಡ’ ಅಂತ ಪುಟಕ್ಕೊಂದು ಸಲ ಹೇಳಿದ್ದೀರಿ, ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಅಂತ ಒಮ್ಮೆಯೂ ಹೇಳಿಲ್ಲ. ಸಂಗೀತ ಕಂಪನಿಗಳು ವರ್ಷಗಟ್ಟಲೆ ಬೇಡ ಎಂದ ಹಾಡುಗಳನ್ನು ಕೊನೆಗೆ 2008ರಲ್ಲಿ ಆ ಮೊದಲ ಆಲ್ಬಂ ಆಗಿ ಹೊರತಂದದ್ದು ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್. ಅದೇ ವರ್ಷ ರಘು ಕನ್ನಡ ಸಿನಿಮಾಕ್ಕೂ ಸಂಗೀತ ಕೊಟ್ಟರು. ಅಂದರೆ ಸಿನಿಮಾದ ಆಚೆ ನಿಂತು ಹಾಡುವವರಿಗೂ ಸಿನಿಮಾ ಮಂದಿಯೇ ಬಾಗಿಲು ತೆಗೆದರು. ನಿಮ್ಮ ಲೇಖನದ ನಡುಮಧ್ಯ ಇರಬೇಕಾದ್ದು ಇದು. ಎರಡನೇ ಆಲ್ಬಂ ಬಂದದ್ದು 2013ರಲ್ಲಿ. ನಡುವಿನ ಐದು ವರ್ಷ ತಂಡ ಯಾವುದರ ಮೇಲೆ ನಡೆಯಿತು ಅಂತ ಹುಡುಕಿ. ಹಳೇ ಸಂದರ್ಶನಗಳನ್ನು ಕೂತು ಓದಿದರೆ ಜಾಸ್ತಿ ಕಷ್ಟವಿಲ್ಲ.

ಸ್ವರಾತ್ಮವನ್ನು ಈ ಲೇಖನದಿಂದ ತೆಗೆಯಿರಿ. ‘ಅಣ್ಣನ ಹಾದಿಯಲ್ಲಿ ತಮ್ಮ’ ಅಂತ ಎರಡು ಪ್ಯಾರಾದಲ್ಲಿ ಮುಗಿಸುವ ತಂಡ ಅದಲ್ಲ. 2009, 2012, 2018ರಲ್ಲಿ ಆಲ್ಬಂ ತಂದವರು. ವಾಸು ಕೀಲುಕುದುರೆ ಕಟ್ಟಿಕೊಂಡು ಕುಣಿಯುವುದು, ಜಿಷ್ಣು ದಾಸ್‌ಗುಪ್ತ ಅವರ ಬಾಸ್ ಗಿಟಾರ್, ಸಂಜೀವ್ ನಾಯಕ್ ಅವರ ಪಿಟೀಲು, ಅದರದ್ದೇ ಬೇರೆ ಲೋಕ. ಕಾವೇರಿ ನೀರಿನ ಜಗಳದ ಮೇಲೂ ಅವರದೊಂದು ಹಾಡಿದೆ, ಅದೂ ಹಿಂದಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬರುತ್ತದೋ ಇಲ್ಲವೋ ಅಂತ ಕಾಯುವ ಮಂದಿ ನಡುವೆ ಇರುವವರು ನೀವು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಿಮ್ಮೂರ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ ಅನ್ನೋದು ನನಗೂ ಗೊತ್ತು. ನದಿಯ ಮೇಲಿನ ಆ ಹಾಡನ್ನು ಬೆಂಗಳೂರಿನ ಪತ್ರಕರ್ತರಿಗಿಂತ ನೀವು ಬೇರೆ ಥರ ಕೇಳಬಲ್ಲಿರಿ. ಆದರೆ ಅದು ಇನ್ನೊಂದು ಲೇಖನ, ಆಮೇಲೆ.

ಮೊದಲು ಇದನ್ನು ಮುಗಿಸಿ. ಅರ್ಧಕ್ಕರ್ಧ ಇಳಿಸಿ. ಅವಧಿ ಕೇಳಬೇಡಿ, ಯಾವಾಗ ಆದರೂ ಕಳಿಸಿ, ಆದರೆ ಒಂದೇ ಹಾಡನ್ನು ಮಠದ ಭಜನೆಯಲ್ಲೂ ಕೇಳಿ, ಇಯರ್‌ಫೋನಿನಲ್ಲೂ ಕೇಳಿ ಬರೆಯಿರಿ. ಶೀರ್ಷಿಕೆಯಿಂದ ‘ಜೀವ ಕೊಟ್ಟ’ ತೆಗೆಯಿರಿ. ಇನ್ನೊಂದು ಮಾತು, ‘ಷರೀಫ’ ಅಂತಲೂ ‘ಶರೀಫ’ ಅಂತಲೂ ಎರಡೂ ಬರೆದಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ, ನಮ್ಮ ಅಕ್ಷರ ಜೋಡಿಸುವವರು ನನ್ನ ತಲೆ ತಿನ್ನುತ್ತಾರೆ.

ಇಂತಿ,
ಸಂಪಾದಕ, ಕೊಪ್ಪಳ